ಅರ್ಧಕ್ಕೆ ನಿಂತ ರಿಫ್

2016ರ ಮೇ 27ರಂದು ಆರ್ಕಿಟೆಕ್ಟ್ಸ್ ಎಂಬ ಇಂಗ್ಲಿಷ್ ಮೆಟಲ್‌ಕೋರ್ ತಂಡದ ಏಳನೇ ಆಲ್ಬಂ ಹೊರಬಂತು. ಹೆಸರು ‘ಆಲ್ ಅವರ್ ಗಾಡ್ಸ್ ಹ್ಯಾವ್ ಅಬ್ಯಾಂಡನ್ಡ್ ಅಸ್’. ನಮ್ಮ ದೇವರುಗಳೆಲ್ಲ ನಮ್ಮ ಕೈಬಿಟ್ಟರು ಎಂದರ್ಥ. ಕೇಳಿದವರು ಇದು ಸಿಟ್ಟಿನ ಆಲ್ಬಂ ಎಂದುಕೊಂಡರು. ಯುದ್ಧ ಮಾಡಿಸುವವರ ಮೇಲೆ, ಭೂಮಿ ಕೆಡಿಸುವವರ ಮೇಲೆ, ಎಲ್ಲ ನೋಡಿಯೂ ಸುಮ್ಮನಿರುವ ನಮ್ಮ ನಿಮ್ಮ ಮೇಲೆ. ಅದಾಗಿ 85ನೇ ದಿನ, ಆಗಸ್ಟ್ 20ರ ರಾತ್ರಿ, ಆ ಹಾಡುಗಳ ಹಿಂದಿದ್ದ ಗಿಟಾರ್ ವಾದಕ ಟಾಮ್ ಸರ್ಲ್ ತೀರಿಕೊಂಡ. ವಯಸ್ಸು 28. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಜೊತೆ ಮೂರು ವರ್ಷ ಏಗಿದ್ದ. ಹತ್ತಿರದವರನ್ನು ಬಿಟ್ಟರೆ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ.

ಮಾರನೇ ದಿನ ಅಭಿಮಾನಿಗಳು ಅದೇ ಆಲ್ಬಂ ಮತ್ತೆ ಹಾಕಿಕೊಂಡು ಕೂತರು. ಒಂದು ಸ್ವರವೂ ಬದಲಾಗಿರಲಿಲ್ಲ, ಒಂದು ಪದವೂ ಬದಲಾಗಿರಲಿಲ್ಲ. ಆದರೆ ಹಾಡುಗಳ ಪಟ್ಟಿಯೇ ಈಗ ಬೇರೆ ಥರ ಓದಿಸಿಕೊಳ್ಳುತ್ತಿತ್ತು. ‘ದಿ ಎಂಪ್ಟಿ ಅವರ್‌ಗ್ಲಾಸ್’ ಅಂದರೆ ಬರಿದಾದ ಮರಳು ಗಡಿಯಾರ. ‘ಗಾನ್ ವಿತ್ ದಿ ವಿಂಡ್’ ಅಂದರೆ ಗಾಳಿಯ ಜೊತೆ ಹೊರಟುಹೋದದ್ದು. ಕೊನೆಯ ಹಾಡು ‘ಮೆಮೆಂಟೊ ಮೋರಿ’, ಸಾಯಲಿಕ್ಕಿದೆ ಎಂಬುದು ನೆನಪಿರಲಿ ಎನ್ನುವ ಹಳೆಯ ಲ್ಯಾಟಿನ್ ಮಾತು. ಲೋಕದ ಮೇಲಿನ ಆರೋಪಪಟ್ಟಿ ಎಂದುಕೊಂಡಿದ್ದರಲ್ಲಿ ಒಬ್ಬ ಹುಡುಗ ತನ್ನ ಸಾವಿನ ಜೊತೆ ನಡೆಸಿದ ವಾದವೂ ಸೇರಿಕೊಂಡಿತ್ತು.

ಮೆಟಲ್ ತಂಡಗಳ ‘ವಿಕಾಸ’ದ ಕತೆಯನ್ನು ನಾವು ಸಾಮಾನ್ಯವಾಗಿ ಎರಡೇ ರೀತಿಯಲ್ಲಿ ಹೇಳುತ್ತೇವೆ. ಒಂದೋ, ಹುಡುಗರು ಬೆಳೆದರು, ಪಕ್ವವಾದರು. ಇಲ್ಲವೋ, ದುಡ್ಡಿಗೆ ಬಿದ್ದರು, ಮೆತ್ತಗಾದರು. ಆರ್ಕಿಟೆಕ್ಟ್ಸ್ ತಂಡದ ಇಪ್ಪತ್ತು ವರ್ಷದ ದಾರಿ ಈ ಎರಡರಲ್ಲಿ ಯಾವುದಕ್ಕೂ ಒಗ್ಗುವುದಿಲ್ಲ. ಅಲ್ಲಿ ಬದಲಾದದ್ದು ಮೊದಲು ಅಭಿರುಚಿಯಲ್ಲ, ಲೇಖನಿ ಹಿಡಿದ ಕೈ.

*

ಮೊದಲು ಈ ಗದ್ದಲ ಏನೆಂದು ನೋಡಬೇಕು. ಮೆಟಲ್‌ಕೋರ್ ಕೇಳದವರಿಗೆ ಇದು ಗದ್ದಲವೇ. ನನಗೂ ಹಾಗೇ ಇತ್ತು. ಅಕ್ಕನ ಮಗ ನಮ್ಮನೆಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುವಾಗ ಅವನ ಕೋಣೆಯ ಬಾಗಿಲ ಸಂದಿಯಿಂದ ಬರುತ್ತಿದ್ದ ಸದ್ದನ್ನು ಮಿಕ್ಸಿಯ ಜಾರ್‌ಗೆ ಚಮಚ ಬಿದ್ದಂತಿದೆ ಎಂದು ಹೇಳಿ ಅವನ ಸಿಟ್ಟಿಗೆ ಗುರಿಯಾಗಿದ್ದೆ. ಒಂದು ಭಾನುವಾರ ಅವನು ನನ್ನನ್ನು ಕೂರಿಸಿಕೊಂಡು ಗಿಟಾರ್ ತೋರಿಸಿದ. ಪಾಠ ಶುರುವಾದದ್ದು ಬಿರಡೆಯಿಂದ.

ಆರು ತಂತಿಯ ಗಿಟಾರ್‌ನಲ್ಲಿ ಅತಿ ದಪ್ಪ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಮೆಟಲ್‌ಕೋರ್‌ನವರು ಬಿರಡೆ ತಿರುಗಿಸಿ ಅದನ್ನು ಇಳಿಸುತ್ತಾರೆ. 65ಕ್ಕೆ ಇಳಿಸಿದರೆ ನಮ್ಮ ಭಾಗವತರ ಲೆಕ್ಕದ ಬಿಳಿ ಒಂದು, ಅದೂ ಎಷ್ಟೋ ಕೆಳಗಿನ ಸ್ಥಾಯಿಯದು. ಈಚಿನ ತಂಡಗಳು 52ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತವೆ. ಅಷ್ಟು ಸಡಿಲಾದ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತದೆ. ಆದ್ದರಿಂದ ದಪ್ಪ ತಂತಿ ಬೇಕು, ಉದ್ದ ಕತ್ತಿನ ಗಿಟಾರ್ ಬೇಕು. ಬಲ ಅಂಗೈಯ ಅಂಚನ್ನು ಗಿಟಾರಿನ ಕುದುರೆಯ ಬಳಿ ತಂತಿಯ ಮೇಲೆ ಒರಗಿಸಿ ಮೀಟಿದರೆ ನಾದ ಬಾಯಿ ಮುಚ್ಚಿಸಿದ ಹಾಗೆ ‘ಜಗ್’ ಎಂದು ನಿಲ್ಲುತ್ತದೆ. ಆ ‘ಜಗ್’ ಮತ್ತು ಎರಡು ಕಾಲಿನಲ್ಲಿ ಬಡಿಯುವ ಬಾಸ್ ಡ್ರಮ್ ಒಂದೇ ಗಳಿಗೆಯಲ್ಲಿ ಬೀಳಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಕೆಸರಾಗುತ್ತದೆ. ಅಂದರೆ ಅಬ್ಬರಕ್ಕಿಂತ ಹೆಚ್ಚಾಗಿ ಇದು ನಿಲ್ಲಿಸುವುದರ ಕಲೆ. ಎರಡು ಪೆಟ್ಟುಗಳ ನಡುವಿನ ಮೌನ ಎಷ್ಟು ಚೊಕ್ಕವೋ ಪೆಟ್ಟು ಅಷ್ಟು ಭಾರ.

ಇನ್ನು ಬ್ರೇಕ್‌ಡೌನ್. ಓಡುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಎರಡನೇ ಕಾಲದಿಂದ ಮೊದಲನೇ ಕಾಲಕ್ಕೆ ಇಳಿದರೆ ಹೇಗಿರುತ್ತದೆ? ತಾಳದ ಲೆಕ್ಕ ಅದೇ, ನಡೆ ಮಾತ್ರ ಅರ್ಧ. ಗಿಟಾರು, ಡ್ರಮ್ಮು ಎಲ್ಲವೂ ಸೇರಿ ಎಡುಪು ತಪ್ಪಿಸಿ ತಪ್ಪಿಸಿ ಹೊಡೆಯುತ್ತವೆ. ಎದುರಿಗಿರುವ ಜನ ಆಗ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಾರೆ, ಅದೇ ಮಾಷ್ ಪಿಟ್. ಬಿದ್ದವನನ್ನು ತಕ್ಷಣ ಎಬ್ಬಿಸಬೇಕು ಎಂಬುದು ಅಲ್ಲಿನ ಬರೆಯದ ಕಾನೂನು.

ಚೀರಾಟಕ್ಕೂ ವಿದ್ಯೆ ಇದೆ. ಗಂಟಲು ಹರಿದುಕೊಂಡು ಕೂಗುವವನು ವಾರಕ್ಕೆ ಮೂಕನಾಗುತ್ತಾನೆ. ಅಭ್ಯಾಸ ಮಾಡಿದವರು ಮಾತಿಗೆ ಬಳಸುವ ಸ್ವರತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳು ಕಂಪಿಸುವಂತೆ ಮಾಡುತ್ತಾರೆ. ಉಸಿರು ಹೊಟ್ಟೆಯಿಂದ ಬರಬೇಕು. ಆರ್ಕಿಟೆಕ್ಟ್ಸ್ ತಂಡದ ಗಾಯಕ ಸ್ಯಾಮ್ ಕಾರ್ಟರ್‌ನ ವಿಶೇಷ ಇರುವುದೇ ಇಲ್ಲಿ. ಚೀರುತ್ತಲೇ ಅವನು ಸ್ವರ ಹಿಡಿಯುತ್ತಾನೆ. ಹಾಡು ಬೇರೆ, ಕೂಗು ಬೇರೆ ಎಂದು ಪಾಲು ಮಾಡಿಕೊಂಡ ಗಾಯಕರು ಈ ಪ್ರಕಾರದಲ್ಲಿ ನೂರಾರು. ಕೂಗಿನೊಳಗೇ ರಾಗ ಇಟ್ಟವರು ಬೆರಳೆಣಿಕೆ. ಸಾಲಿನ ಕೊನೆಗೆ ವಾಂತಿ ಬಂದವನಂತೆ ಅವನು ಉಗುಳುವ ‘ಬ್ಲೆಹ್’ ಎಂಬ ಸದ್ದು ಎಷ್ಟು ಪ್ರಸಿದ್ಧವಾಯಿತೆಂದರೆ ಅಭಿಮಾನಿಗಳು ಹಾಡಿಗಿಂತ ಮೊದಲು ಅದನ್ನು ಅನುಕರಿಸಲು ಕಲಿಯುತ್ತಾರೆ. ನಮ್ಮನೆಯ ಹುಡುಗ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ. ಅವನ ಹೊಟ್ಟೆ ಕೆಟ್ಟಿದೆಯೆಂದು ಅಮ್ಮ ಎರಡು ದಿನ ಗಂಜಿ ಕೊಟ್ಟಳು.

*

ಹೆಸರೇ ಹೇಳುವಂತೆ ಮೆಟಲ್‌ಕೋರ್ ಎರಡು ಮನೆತನದ ಮಗು. ಒಂದು ಹೆವಿ ಮೆಟಲ್, ಇನ್ನೊಂದು ಹಾರ್ಡ್‌ಕೋರ್ ಪಂಕ್. ಮೆಟಲ್ ಕೊಟ್ಟದ್ದು ಕೈಚಳಕ. ಹಾರ್ಡ್‌ಕೋರ್ ಕೊಟ್ಟದ್ದು ನೀತಿಯ ಹಟ. ವೇದಿಕೆಗೂ ಕೇಳುಗನಿಗೂ ಅಂತರ ಇರಬಾರದು, ಹಾಡಿಗೆ ಏನಾದರೂ ಹೇಳಲಿಕ್ಕಿರಬೇಕು ಎಂಬುದು ಅದರ ಪಟ್ಟು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ಅರ್ಥ್ ಕ್ರೈಸಿಸ್ ತಂಡ 1990ರ ದಶಕದಲ್ಲಿ ಸಸ್ಯಾಹಾರ, ಪ್ರಾಣಿಹಕ್ಕು, ವ್ಯಸನಮುಕ್ತಿ ಬಗ್ಗೆ ಬೆಂಕಿಯುಗುಳುತ್ತ ಹಾಡಿತು. ಮೆಸಾಚುಸೆಟ್ಸ್‌ನ ಕನ್ವರ್ಜ್ 2001ರ ‘ಜೇನ್ ಡೋ’ದಲ್ಲಿ ಒಂದು ಮುರಿದ ಪ್ರೇಮವನ್ನು ಕಟ್ಟಡ ಕುಸಿದಂತೆ ಕೇಳಿಸಿತು. ಮರುವರ್ಷ ಅದೇ ರಾಜ್ಯದ ಕಿಲ್‌ಸ್ವಿಚ್ ಎಂಗೇಜ್ ‘ಅಲೈವ್ ಆರ್ ಜಸ್ಟ್ ಬ್ರೀದಿಂಗ್’ ತಂದಿತು. ಚೀರುವ ಚರಣ, ಮಧುರವಾದ ಪಲ್ಲವಿ ಎಂಬ ಸೂತ್ರ ಅಲ್ಲಿಂದಾಚೆಗೆ ಮಾರುಕಟ್ಟೆಗೂ ಹಿಡಿಸಿತು.

ಇವರೆಲ್ಲರ ರಿಫ್‌ಗಳ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳ, ಬೇರು ಹುಡುಕುತ್ತ ಹೋದರೆ ಸ್ವೀಡನ್ನಿನ ಒಂದು ಊರು ಸಿಗುತ್ತದೆ, ಗೋಥೆನ್‌ಬರ್ಗ್. ಅಲ್ಲಿಯ ಸ್ಟುಡಿಯೊ ಫ್ರೆಡ್‌ಮನ್‌ನಲ್ಲಿ ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್ ಎಂಬ ಧ್ವನಿ ತಂತ್ರಜ್ಞನ ಕೈಯಲ್ಲಿ ಅಟ್ ದಿ ಗೇಟ್ಸ್ ತಂಡ 1995ರಲ್ಲಿ ‘ಸ್ಲಾಟರ್ ಆಫ್ ದಿ ಸೋಲ್’ ಮುದ್ರಿಸಿತು. ಗರಗಸದಂತೆ ಕೊಯ್ಯುವ, ಆದರೂ ಗುನುಗಬಹುದಾದ ಅದರ ರಿಫ್‌ಗಳನ್ನು ಅಮೆರಿಕದ ಹುಡುಗರು ಪಾಠದಂತೆ ಉರು ಹೊಡೆದರು. ಈ ಊರಿನ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಇನ್ನು ಆರ್ಕಿಟೆಕ್ಟ್ಸ್ ಹುಟ್ಟಿದ ಬ್ರೈಟನ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರು. ಲಂಡನ್ನಿನವರು ರಜೆಗೆ ಬಂದು ಬೆಣಚುಕಲ್ಲಿನ ಬೀಚಿನಲ್ಲಿ ಮೈಚೆಲ್ಲುವ ಜಾಗ. ಅಲ್ಲಿ 2004ರಲ್ಲಿ ಹದಿಹರೆಯದ ಅವಳಿ ಸಹೋದರರಾದ ಟಾಮ್ ಮತ್ತು ಡ್ಯಾನ್ ಸರ್ಲ್ ತಂಡ ಕಟ್ಟಿದರು. ಟಾಮ್‌ಗೆ ಗಿಟಾರ್, ಡ್ಯಾನ್‌ಗೆ ಡ್ರಮ್. ಮೊದಲ ಆಲ್ಬಂ ‘ನೈಟ್‌ಮೇರ್ಸ್’ ಬಂದದ್ದು 2006ರಲ್ಲಿ, ಆಗಿನ ಗಾಯಕ ಬೇರೆ. 2007ರ ‘ರೂಯಿನ್’ ಹೊತ್ತಿಗೆ ಸ್ಯಾಮ್ ಕಾರ್ಟರ್ ಬಂದ. ಅಲೆಕ್ಸ್ ಡೀನ್ ಬಾಸ್ ಹಿಡಿದ. ಆ ಕಾಲದ ಅವರ ಸಂಗೀತ ಲೆಕ್ಕದ ಪರೀಕ್ಷೆ ಇದ್ದಂತೆ. ತಾಳ ಗಳಿಗೆಗೊಮ್ಮೆ ಮುರಿಯುತ್ತದೆ, ಬೆರಳು ಓಡುತ್ತದೆ, ಕೇಳುಗ ಏದುಸಿರು ಬಿಡುತ್ತಾನೆ. ‘ನೋಡಿ, ನಮಗೆ ಎಷ್ಟು ಬರುತ್ತದೆ’ ಎನ್ನುವ ವಯಸ್ಸು ಅದು. 2009ರ ‘ಹಾಲೋ ಕ್ರೌನ್’ನಲ್ಲಿ ಈ ಲೆಕ್ಕದ ನಡುವೆ ಮೊದಲ ಸಲ ಹಾಡು ಎಂಬ ಪದಾರ್ಥ ಕಾಣಿಸಿಕೊಂಡಿತು. ಹಳೆಯ ಅಭಿಮಾನಿಗಳು ಇವತ್ತಿಗೂ ಅದರ ಮೇಲೆ ಆಣೆ ಇಡುತ್ತಾರೆ.

ಆಮೇಲೆ ಎಡವಿದರು. 2011ರ ‘ದಿ ಹಿಯರ್ ಅಂಡ್ ನೌ’ ಮುದ್ರಿಸಲು ಕ್ಯಾಲಿಫೋರ್ನಿಯಾಕ್ಕೆ, ಸ್ಟೀವ್ ಎವೆಟ್ಸ್ ಎಂಬ ನಿರ್ಮಾಪಕನ ಬಳಿ ಹೋದರು. ತಾಳ ಮುರಿಯುವುದರಲ್ಲಿ ಎಲ್ಲರಿಗೂ ಗುರುವಾದ ಡಿಲಿಂಜರ್ ಎಸ್ಕೇಪ್ ಪ್ಲಾನ್ ತಂಡದ ‘ಕ್ಯಾಲ್ಕ್ಯುಲೇಟಿಂಗ್ ಇನ್ಫಿನಿಟಿ’ ಮುದ್ರಿಸಿದವನು ಈತನೇ. ಅಂಥವನ ಹತ್ತಿರ ಹೋಗಿ ಇವರು ಮಾಡಿಕೊಂಡು ಬಂದದ್ದು ತಮ್ಮ ಅತಿ ಮೆದುವಾದ ಆಲ್ಬಂ. ಪಲ್ಲವಿಗಳು ರೇಡಿಯೊ ಕಡೆ ಕತ್ತು ಚಾಚಿದ್ದವು. ಅಭಿಮಾನಿಗಳು ಮುಖ ತಿರುಗಿಸಿದರು, ತಂಡದವರೂ ಅದನ್ನು ಬೇಗ ಬಿಟ್ಟುಕೊಟ್ಟರು. ನನ್ನ ಮಟ್ಟಿಗೆ ಅದು ಕೆಟ್ಟ ಆಲ್ಬಂ ಅಲ್ಲ, ಬೇರೆಯವರ ಅಂಗಿ ತೊಟ್ಟ ಆಲ್ಬಂ. ತೋಳು ಉದ್ದವಾಗಿದೆ, ಬಟ್ಟೆ ಚೆನ್ನಾಗಿದೆ.

ಮರುವರ್ಷವೇ ‘ಡೇಬ್ರೇಕರ್’ ತಂದರು. ಇಲ್ಲಿ ಮೆದುತನವನ್ನು ಬಿಸಾಡಲಿಲ್ಲ, ಅದನ್ನು ಸಿಟ್ಟಿನ ಪಕ್ಕ ಕೂರಿಸಿದರು. 2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಗಲಭೆ ಹತ್ತಿ ಉರಿದದ್ದರ ಮೇಲೆ ‘ಡೆವಿಲ್ಸ್ ಐಲೆಂಡ್’ ಹುಟ್ಟಿತು. ಹಾರ್ಡ್‌ಕೋರ್ ಮನೆತನದ ನೀತಿಯ ಹಟ ರಕ್ತದಲ್ಲಿ ಎದ್ದು ಬಂದದ್ದು ಆಗ. ಮುಂದೆ ಇದು ಹಾಡಿನಾಚೆಗೂ ಹರಿಯಿತು. ಸ್ಯಾಮ್ ಕಾರ್ಟರ್ ತಿಮಿಂಗಿಲ ಬೇಟೆ ತಡೆಯುವ ಸೀ ಶೆಪರ್ಡ್ ಸಂಸ್ಥೆಯ ಪರ ಮಾತಾಡುತ್ತಾನೆ. 2017ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನ ಲೋಲ್ಯಾಂಡ್ಸ್ ಉತ್ಸವದಲ್ಲಿ, ಜನರ ಕೈಗಳ ಮೇಲೆ ತೇಲಿಬರುತ್ತಿದ್ದ ಒಬ್ಬ ಹುಡುಗಿಯ ಮೈಗೆ ಯಾರೋ ಕೈ ಹಾಕಿದ್ದನ್ನು ವೇದಿಕೆಯಿಂದ ಕಂಡು ಕಾರ್ಯಕ್ರಮ ನಿಲ್ಲಿಸಿದ. ಸಾವಿರಾರು ಜನರ ಎದುರು ಆ ಗಂಡಸನ್ನು ತರಾಟೆಗೆ ತೆಗೆದುಕೊಂಡ. ಇಲ್ಲಿಂದ ಹೊರಟುಹೋಗು, ಮತ್ತೆ ಬರಬೇಡ ಎಂಬ ಅರ್ಥದ ಮಾತು.

*

ಟಾಮ್‌ಗೆ ರೋಗ ಇರುವುದು ತಿಳಿದದ್ದು 2013ರಲ್ಲಿ. ಅದೇ ಹೊತ್ತಿಗೆ ತಂಡ ಹೊಸ ಆಲ್ಬಂಗಾಗಿ ಗೋಥೆನ್‌ಬರ್ಗ್‌ಗೆ ಹೋಯಿತು. ಅದೇ ಸ್ಟುಡಿಯೊ ಫ್ರೆಡ್‌ಮನ್, ಅದೇ ನಾರ್ಡ್‌ಸ್ಟ್ರಾಮ್, ಜೊತೆಗೆ ಹೆನ್ರಿಕ್ ಉಡ್ ಎಂಬ ತಂತ್ರಜ್ಞ. ಈ ಪ್ರಕಾರದ ರಿಫ್ ಎಲ್ಲಿ ಹುಟ್ಟಿತೋ ಆ ಬಾವಿಯಿಂದಲೇ ನೀರು ಸೇದಿದ ಹಾಗೆ. 2014ರ ಮಾರ್ಚ್‌ನಲ್ಲಿ ಬಂದ ‘ಲಾಸ್ಟ್ ಫಾರೆವರ್ // ಲಾಸ್ಟ್ ಟುಗೆದರ್’ ಅವರನ್ನು ಮೊದಲ ಸಾಲಿಗೆ ತಂದಿತು. ಅದರಲ್ಲಿ ಕ್ಯಾನ್ಸರ್ ಎಂಬ ಪದದ ಅಕ್ಷರಗಳನ್ನೇ ಒಂದೊಂದಾಗಿ ಬಿಡಿಸಿ ಹೆಸರಿಟ್ಟ ಹಾಡೊಂದಿದೆ. ರೂಪಕ ಇರಬೇಕು ಎಂದು ಕೇಳುಗರು ಮುಂದೆ ಹೋದರು. ಕಣ್ಣೆದುರಿಗೆ ಇಟ್ಟದ್ದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಈ ಆಲ್ಬಂ ಮತ್ತು ಇದರ ಮುಂದಿನದನ್ನು ಒಟ್ಟಿಗೆ ಕೇಳಿದರೆ ಟಾಮ್ ಬರೆಯುವ ರೀತಿ ಗೊತ್ತಾಗುತ್ತದೆ. ಬೆರಳ ಸರ್ಕಸ್ ಪೂರ್ತಿ ಹೋಗಿದೆ. ಕೆಳಗೆ ಎರಡು ಮೂರು ಸ್ವರಗಳ ಮೊಂಡು ಪೆಟ್ಟು. ಮೇಲೆ, ಬಹಳ ಮೇಲೆ, ಮಾರ್ದನಿ ಹಾಕಿದ ಒಂದು ತೆಳು ಗಿಟಾರ್ ಎಳೆ, ಮಂಜಿನಾಚೆಯ ದೀಪದಂತೆ. ನಡುವಿನ ಜಾಗ ಖಾಲಿ. ಆ ಖಾಲಿಯಲ್ಲಿ ಸ್ಯಾಮ್‌ನ ಕೂಗು. ಕಟ್ಟಡದ ನಕ್ಷೆಯ ಹಾಗೆ ಪ್ರತಿಯೊಂದಕ್ಕೂ ಅದರದೇ ಮಹಡಿ. ತಂಡದ ಹೆಸರು ಆರ್ಕಿಟೆಕ್ಟ್ಸ್, ಅಂದರೆ ವಾಸ್ತುಶಿಲ್ಪಿಗಳು, ಎಂದು ಕೊನೆಗೂ ಅನ್ನಿಸುವುದು ಇಲ್ಲಿ. ಸಾಹಿತ್ಯವೂ ಹೆಚ್ಚುಕಡಿಮೆ ಅವನದೇ. ಸ್ಯಾಮ್ ಹಾಡುತ್ತಿದ್ದ ‘ನಾನು’ ಎಂಬ ಪದ ಟಾಮ್‌ನದು. ಇನ್ನೊಬ್ಬನ ಸಾವನ್ನು ದಿನಾ ರಾತ್ರಿ, ಅವನು ಪಕ್ಕದಲ್ಲೇ ಗಿಟಾರ್ ಬಾರಿಸುತ್ತ ನಿಂತಿರುವಾಗ, ಮೊದಲ ಪುರುಷದಲ್ಲಿ ಚೀರುವುದು ಹೇಗಿದ್ದಿರಬಹುದು?

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಾಡಿ ಅಳುವುದನ್ನು ಕೇಳಿದವರಿಗೆ ಇದು ತೀರ ಹೊರಗಿನದೆನಿಸದು. ಸತ್ತವರ ಗುಣ, ಕೊಟ್ಟ ಮಾತು, ಬಿಟ್ಟುಹೋದ ಕೆಲಸ ಎಲ್ಲವೂ ಆ ಅಳುವಿನಲ್ಲಿ ರಾಗವಾಗಿ ಬರುತ್ತದೆ. ದೇವರಿಗೆ ಬೈಗುಳವೂ ಬರುತ್ತದೆ. ಅದನ್ನು ಯಾರೂ ಅಪಸ್ವರ ಎನ್ನುವುದಿಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಉಳಿದವರು ಹೋದವರಿಗಾಗಿ ಅಳುತ್ತಾರೆ, ಇಲ್ಲಿ ಹೋಗುವವನು ತಾನೇ ಮುಂಚಿತವಾಗಿ ಬರೆದಿಟ್ಟು ಹೋದ.

*

ಅವಳಿಯಲ್ಲಿ ಒಬ್ಬ ಹೋದ ಮೇಲೆ ಇನ್ನೊಬ್ಬ ಏನು ಮಾಡಬೇಕು? ಡ್ಯಾನ್ ಡ್ರಮ್ಮಿನ ಹಿಂದೆ ಕೂರುವವನು, ಮಾತು ಕಡಿಮೆ. ತಂಡ ಮುಂದುವರಿಯುವುದೋ ಇಲ್ಲವೋ ಎಂಬ ಪ್ರಶ್ನೆ ಅವರೆದುರೇ ಇತ್ತು. ಹಾಡು ಕಟ್ಟುವವನೇ ಇಲ್ಲದ ತಂಡಕ್ಕೆ ಮುಂದುವರಿಯುವುದೆಂದರೆ ಏನು? ಹಳೆಯ ಹಾಡುಗಳನ್ನು ತಿರುಗಿಸಿ ತಿರುಗಿಸಿ ನುಡಿಸುತ್ತ ವರ್ಷಾಬ್ದಿಕದ ಮಂಡಳಿಯಾಗುವುದೇ?

ಟಾಮ್ ಕೆಲವು ತುಣುಕುಗಳನ್ನು ಬಿಟ್ಟುಹೋಗಿದ್ದ. ಅದರಲ್ಲಿ ಒಂದು ಅವನು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ್ದ ಹಾಡು. ಡ್ಯಾನ್ ಅದನ್ನು ಕೈಗೆತ್ತಿಕೊಂಡ. ಜೊತೆಗಿದ್ದದ್ದು ಸೈಲೋಸಿಸ್ ಎಂಬ ಇನ್ನೊಂದು ಇಂಗ್ಲಿಷ್ ಮೆಟಲ್ ತಂಡದ ಗಿಟಾರ್ ವಾದಕ ಜಾಷ್ ಮಿಡಲ್ಟನ್. ಇಬ್ಬರೂ ಸೇರಿ ಪೂರ್ತಿ ಮಾಡಿದ ಆ ಹಾಡು ‘ಡೂಮ್ಸ್‌ಡೇ’, 2017ರ ಸೆಪ್ಟೆಂಬರ್‌ನಲ್ಲಿ, ಟಾಮ್ ಹೋಗಿ ವರ್ಷ ಕಳೆದ ಮೇಲೆ ಬಂತು. ಮಿಡಲ್ಟನ್ ಅಧಿಕೃತವಾಗಿ ತಂಡ ಸೇರಿದ್ದೂ ಆಗಲೇ. ಕೇಳಿದರೆ ಹೊಲಿಗೆ ಕಾಣುವುದಿಲ್ಲ. ಆ ಎತ್ತರದ ತೆಳು ಎಳೆ ಇದೆ, ಕೆಳಗಿನ ಮೊಂಡು ಪೆಟ್ಟು ಇದೆ. ಆದರೆ ‘ನಾನು’ ಬದಲಾಗಿದೆ. ಇಲ್ಲಿಂದ ಮುಂದೆ ಸಾಹಿತ್ಯ ಬರೆಯುವವನು ಡ್ಯಾನ್. ಸ್ಯಾಮ್ ಈಗ ಹಾಡುವುದು ಉಳಿದವನ ಮಾತು.

2018ರ ಫೆಬ್ರವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಆಡಿದರು. ಹತ್ತು ಸಾವಿರ ಜನ ಹಿಡಿಸುವ, ಗುಡ್ಡದ ಮೇಲಿನ ಹಳೆಯ ವಿಕ್ಟೋರಿಯನ್ ಸಭಾಂಗಣ. ಅಲ್ಲಿಯವರೆಗೆ ಅವರು ತಮ್ಮ ಹೆಸರಿನಲ್ಲೇ ನಡೆಸಿದ್ದರಲ್ಲಿ ಅತಿ ದೊಡ್ಡ ಕಾರ್ಯಕ್ರಮ. ಟಾಮ್ ಬದುಕಿದ್ದಾಗ ಬಾರದ ಜನ ಅವನು ಹೋದ ಮೇಲೆ ಬಂದರು ಎಂದು ಕಹಿಯಾಗಿ ಹೇಳಬಹುದು. ಹೇಳುವುದು ಸುಲಭ. ಆದರೆ ಆ ಜನರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ಮನೆಯ ಸಾವನ್ನು ಜೇಬಿನಲ್ಲಿ ಹೊತ್ತು ತಂದವರು.

ಅದೇ ನವೆಂಬರ್‌ನಲ್ಲಿ ‘ಹೋಲಿ ಹೆಲ್’ ಬಂತು. ಹನ್ನೊಂದು ಹಾಡು. ಸಾವು ಸೋಲಲ್ಲ ಎಂಬ ಹೆಸರಿನಿಂದ ಶುರುವಾಗುತ್ತದೆ, ವ್ಯರ್ಥವಾದ ಸ್ತೋತ್ರ ಎಂಬ ಹೆಸರಿನಲ್ಲಿ ಮುಗಿಯುತ್ತದೆ. ಅಂದರೆ ಧೈರ್ಯದಿಂದ ಹೊರಟವನು ಗುರಿ ಮುಟ್ಟದೆ ಎಲ್ಲೋ ಕೂತುಬಿಟ್ಟ. ಶೋಕದ ಕಲಾಕೃತಿಗಳು ಸಾಮಾನ್ಯವಾಗಿ ಕತ್ತಲಿನಿಂದ ಬೆಳಕಿಗೆ ನಡೆಯುತ್ತವೆ. ಇದು ಹಾಗೆ ಮಾಡದಿರುವುದೇ ನನಗೆ ನಂಬಿಕೆ ಹುಟ್ಟಿಸಿದ್ದು. ಪಿಟೀಲು ಮೇಳ ಹಾಡುಗಳ ಬೆನ್ನಿಗೆ ಬಂದಿದೆ, ಆದರೆ ಸಿನಿಮಾ ಮಾದರಿಯ ಕಣ್ಣೀರಿಗಾಗಿ ಅಲ್ಲ. ಟಾಮ್‌ನ ಆ ಎತ್ತರದ ಗಿಟಾರ್ ಎಳೆ ಇದ್ದ ಮಹಡಿಯಲ್ಲಿ ಈಗ ತಂತಿವಾದ್ಯಗಳು ವಾಸ ಮಾಡುತ್ತಿವೆ. ‘ಡೂಮ್ಸ್‌ಡೇ’ಯನ್ನು ಹತ್ತನೆಯದಾಗಿ, ಕೊನೆಯದರ ಹಿಂದೆ ಇಟ್ಟಿದ್ದಾರೆ.

*

ಈ ಮಟ್ಟಕ್ಕೆ ಬಂದ ಮೇಲೆ ತಂಡಕ್ಕೆ ಎದುರಾದದ್ದು ಯಾರೂ ಬಾಯಿಬಿಟ್ಟು ಹೇಳದ ಸಮಸ್ಯೆ. ಶೋಕವನ್ನು ಎರಡನೇ ಸಲ ಮಾಡಲಾಗುವುದಿಲ್ಲ. ಮಾಡಿದರೆ ಅದು ವೃತ್ತಿಯಾಗುತ್ತದೆ. ಅಭಿಮಾನಿಗಳಿಗೆ ಇನ್ನೊಂದು ‘ಹೋಲಿ ಹೆಲ್’ ಬೇಕಿತ್ತು. ಅಂದರೆ, ಸ್ವಲ್ಪ ಕಟುವಾಗಿ ಹೇಳುವುದಾದರೆ, ಇವರು ಸದಾ ಅಳುತ್ತಿರಬೇಕಿತ್ತು.

2021ರ ಫೆಬ್ರವರಿಯಲ್ಲಿ ಬಂದ ‘ಫಾರ್ ದೋಸ್ ದಟ್ ವಿಶ್ ಟು ಎಕ್ಸಿಸ್ಟ್’ ಕಣ್ಣನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿತು. ಹದಿನೈದು ಹಾಡು. ಸಾವು ಇದೆ, ಈ ಸಲ ಭೂಮಿಯದು. ಇರಲು ಬಯಸುವವರಿಗಾಗಿ ಎಂಬ ಹೆಸರೇ ಅರ್ಧ ಮಾತು ಹೇಳುತ್ತದೆ. ಆಸ್ಟ್ರೇಲಿಯಾದ ಪಾರ್ಕ್‌ವೇ ಡ್ರೈವ್ ತಂಡದ ವಿನ್‌ಸ್ಟನ್ ಮೆಕಾಲ್, ರಾಯಲ್ ಬ್ಲಡ್‌ನ ಮೈಕ್ ಕೆರ್, ಬಿಫಿ ಕ್ಲೈರೊದ ಸೈಮನ್ ನೀಲ್ ಅತಿಥಿಗಳಾಗಿ ಬಂದರು. ಕೂಗು ಕಡಿಮೆಯಾಯಿತು, ಪಲ್ಲವಿ ದೊಡ್ಡದಾಯಿತು, ಹಿತ್ತಾಳೆ ವಾದ್ಯಗಳು ಸೇರಿದವು. ಅಲ್ಲಿಯವರೆಗೆ ಬ್ರಿಟನ್ನಿನ ಆಲ್ಬಂ ಪಟ್ಟಿಯ ಮೊದಲ ಹತ್ತರೊಳಗೂ ಬಾರದಿದ್ದ ತಂಡ ನೇರ ಒಂದನೇ ಸ್ಥಾನಕ್ಕೆ ಹೋಗಿ ಕೂತಿತು.

ಆ ಆಲ್ಬಂಗೆ ಸ್ವಲ್ಪ ಮುಂಚೆ, 2020ರ ನವೆಂಬರ್‌ನಲ್ಲಿ, ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆಡಿದ್ದರು. ಐದು ಸಾವಿರಕ್ಕೂ ಹೆಚ್ಚು ಆಸನಗಳ ಆ ದುಂಡು ಸಭಾಂಗಣದಲ್ಲಿ ಅಂದು ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಕೋವಿಡ್ ಕಾಲ, ಜನ ಮನೆಯಲ್ಲಿ ಪರದೆಯ ಮುಂದೆ. ಮಾಷ್ ಪಿಟ್ ಇಲ್ಲದ ಬ್ರೇಕ್‌ಡೌನ್ ಎಂದರೆ ಊಟಕ್ಕೆ ಯಾರೂ ಬಾರದ ಮದುವೆ. ಆದರೂ ಆ ರಾತ್ರಿಯನ್ನು ನಾನು ಇಷ್ಟಪಟ್ಟೆ. ಸಾಲು ಸಾಲು ಖಾಲಿ ಕೆಂಪು ಕುರ್ಚಿಗಳ ಕಡೆ ಮುಖಮಾಡಿ ಒಬ್ಬ ಮನುಷ್ಯ ಅಷ್ಟು ಹೊತ್ತು ಕೂಗಿದ. ಮರುವರ್ಷ ಇಡೀ ಆಲ್ಬಮನ್ನು ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಸೈಮನ್ ಡಾಬ್ಸನ್ ನಿರ್ದೇಶನದ ಪ್ಯಾರಲಾಕ್ಸ್ ಆರ್ಕೆಸ್ಟ್ರಾ ಜೊತೆ ಮತ್ತೆ ನುಡಿಸಿದರು.

2022ರ ‘ದಿ ಕ್ಲಾಸಿಕ್ ಸಿಂಪ್ಟಮ್ಸ್ ಆಫ್ ಎ ಬ್ರೋಕನ್ ಸ್ಪಿರಿಟ್’ ಬಗ್ಗೆ ಹೆಚ್ಚು ಹೇಳಲು ನನಗಿಲ್ಲ. ಕಾರ್ಖಾನೆಯ ಯಂತ್ರದಂಥ ಎಲೆಕ್ಟ್ರಾನಿಕ್ ಸದ್ದು, ಚಿಕ್ಕ ಚಿಕ್ಕ ಹಾಡು. ನುಣ್ಣಗಿದೆ, ಕೈಗೆ ಸಿಗುವುದಿಲ್ಲ. ಮರುವರ್ಷ ಮಿಡಲ್ಟನ್ ಸೈಲೋಸಿಸ್‌ಗಾಗಿ ತಂಡ ಬಿಟ್ಟ. ಅದೇ ವರ್ಷ ಮೆಟಾಲಿಕಾದ ಯುರೋಪ್ ಪ್ರವಾಸದಲ್ಲಿ ಇವರು ಮುಖ್ಯ ಕಾರ್ಯಕ್ರಮಕ್ಕೆ ಮೊದಲು ವೇದಿಕೆಗೇರುವ ತಂಡಗಳಲ್ಲಿ ಒಂದಾಗಿದ್ದರು. 2011ರ ಅಕ್ಟೋಬರ್ 30ರಂದು ಬೆಂಗಳೂರು ಅರಮನೆ ಮೈದಾನದಲ್ಲಿ ಮಳೆಯ ಕೆಸರಿನಲ್ಲಿ ನಿಂತು ಮೆಟಾಲಿಕಾ ಕೇಳಿದವರಿಗೆ ಆ ಜಾಗದ ಬೆಲೆ ಗೊತ್ತು. ತಮ್ಮದಲ್ಲದ ಜನರನ್ನು ಅರ್ಧ ಗಂಟೆಯಲ್ಲಿ ಒಲಿಸಿಕೊಳ್ಳಬೇಕು. ಜನ ಅಷ್ಟೊತ್ತಿಗೆ ಬಿಯರಿನ ಸಾಲಿನಲ್ಲಿರುತ್ತಾರೆ.

2023ರ ಕೊನೆಗೆ ಬಂದ ‘ಸೀಯಿಂಗ್ ರೆಡ್’ ಒಂದು ತಮಾಷೆ. ಹಳೆಯ ಬಿರುಸು ಬೇಕು, ಹಳೆಯ ‘ಬ್ಲೆಹ್’ ಬೇಕು ಎಂದು ಗೊಣಗುವವರನ್ನು ಚುಚ್ಚುವ ಹಾಡದು. ಚುಚ್ಚಲು ಬಳಸಿದ್ದು ಹಳೆಯ ಬಿರುಸನ್ನೇ. ಬೈಸಿಕೊಂಡವರು ಕುಣಿದಾಡಿದರು. 2025ರ ಫೆಬ್ರವರಿ 28ರಂದು ಹನ್ನೊಂದನೇ ಆಲ್ಬಂ ‘ದಿ ಸ್ಕೈ, ದಿ ಅರ್ತ್ ಅಂಡ್ ಆಲ್ ಬಿಟ್ವೀನ್’ ಬಂತು. ನಿರ್ಮಾಪಕ ಜೋರ್ಡನ್ ಫಿಶ್. ಶೆಫೀಲ್ಡ್‌ನ ಬ್ರಿಂಗ್ ಮಿ ದಿ ಹೊರೈಜನ್ ತಂಡದಲ್ಲಿ ಹನ್ನೊಂದು ವರ್ಷ ಕೀಬೋರ್ಡ್ ನುಡಿಸಿ, ಅದನ್ನು ಕೂಗಿನಿಂದ ಪಾಪ್ ಕಡೆಗೆ ತಿರುಗಿಸಿದವರಲ್ಲಿ ಮುಖ್ಯನಾದವನು. ಆ ಶೆಫೀಲ್ಡ್ ತಂಡವೂ 2008ರಲ್ಲಿ ತನ್ನ ಎರಡನೇ ಆಲ್ಬಂ ಮುದ್ರಿಸಿದ್ದು ಯಾರ ಕೈಯಲ್ಲಿ ಅಂದುಕೊಂಡಿರಿ? ಗೋಥೆನ್‌ಬರ್ಗ್‌ನ ಅದೇ ನಾರ್ಡ್‌ಸ್ಟ್ರಾಮ್. ಈ ಲೋಕ ಚಿಕ್ಕದು. ಮದುವೆ ಮನೆಯಲ್ಲಿ ವಿಚಾರಿಸುತ್ತ ಹೋದರೆ ಎಲ್ಲರೂ ನೆಂಟರೇ.

ಹೊಸ ಆಲ್ಬಂ ಭಾರವೂ ಹೌದು, ಗುನುಗುವಂಥದ್ದೂ ಹೌದು. ಮೊದಲ ಹಾಡಿನ ಹೆಸರು ‘ಎಲೆಜಿ’, ಚರಮಗೀತೆ. ಆದರೆ ಅದು ಕುಸಿದು ಕೂತವನ ಹಾಡಲ್ಲ. ಎದ್ದು ಓಡಾಡುವ, ಜಗಳವಾಡುವ ಮನುಷ್ಯನದು. ಟಾಮ್ ಇದ್ದರೆ ಹೀಗೆ ಬರೆಯುತ್ತಿದ್ದನೇ ಎಂದು ಕೇಳುವವರು ಇನ್ನೂ ಇದ್ದಾರೆ. ಅವನು ಇದ್ದಿದ್ದರೆ ಅವನೂ ಇಷ್ಟರಲ್ಲಿ ಬೇರೆಯಾಗಿರುತ್ತಿದ್ದ. 28ಕ್ಕೆ ನಿಂತವನ ಅಭಿರುಚಿಯನ್ನು ಅಳತೆಗೋಲು ಮಾಡಿಕೊಂಡು ನಲವತ್ತರ ಹತ್ತಿರ ಬಂದ ಅವನ ಅವಳಿಯನ್ನು ಅಳೆಯುವುದು ಯಾವ ನ್ಯಾಯ?

*

ಅಕ್ಕನ ಮಗ ಈಗ ಕೆಲಸದಲ್ಲಿದ್ದಾನೆ, ಗಿಟಾರ್ ಬಿಟ್ಟಿಲ್ಲ. ಹೋದ ತಿಂಗಳು ಬಂದಾಗ ‘ಡೂಮ್ಸ್‌ಡೇ’ ನುಡಿಸು ಎಂದೆ. ನಾನು ಕೇಳಿದ್ದು ಅವನಿಗೆ ಆಶ್ಚರ್ಯ. ಬಿರಡೆ ತಿರುಗಿಸಿ ದಪ್ಪ ತಂತಿಯನ್ನು ಇಳಿಸುತ್ತ ಹೋದ, ಫೋನಿನ ಮೇಲೆ ಶ್ರುತಿಯ ಮುಳ್ಳು ನಡುಗುತ್ತ ಕೆಳಗೆ ಸರಿಯಿತು. ಮೊದಲು ಮೇಲಿನ ಎಳೆ ನುಡಿಸಿದ, ಆಮೇಲೆ ಕೆಳಗಿನ ಪೆಟ್ಟು. ನಾನು ತಡೆದು ಕೇಳಿದೆ: ಇದರಲ್ಲಿ ಟಾಮ್ ಬರೆದದ್ದು ಎಲ್ಲಿಯವರೆಗೆ, ಉಳಿದವರು ಸೇರಿಸಿದ್ದು ಎಲ್ಲಿಂದ?

ಅವನು ಬೆರಳನ್ನು ತಂತಿಯ ಮೇಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ‘ಇಲ್ಲಿ ಅಂತ ನಾನು ಅಂದ್ಕೊಂಡಿದೀನಿ’ ಎಂದು ಒಂದು ಕಡೆ ನಿಲ್ಲಿಸಿ ತೋರಿಸಿದ. ಮತ್ತೆ ನುಡಿಸಿ ‘ಅಲ್ಲ, ಇಲ್ಲಿ’ ಎಂದ. ಮೂರನೇ ಸಲ ನುಡಿಸುವಷ್ಟರಲ್ಲಿ ಸಡಿಲ ತಂತಿ ಪೆಟ್ಟು ತಿಂದು ತಿಂದು ಶ್ರುತಿ ತಪ್ಪಿತ್ತು. ಅವನು ಬಿರಡೆಗೆ ಕೈ ಹಾಕಿದ.